ಇರೋರೇ ಸಾಕು ಅಂದ ಮ್ಯಾನೇಜರು

ನಮ್ಮ ಗುಂಡ್ಲುಪೇಟೆಯಲ್ಲಿ ಒಂದು ಫುಟ್‌ಬಾಲ್ ಟೀಮು ಇತ್ತು ಎಂದರೆ ಮೈಸೂರಿನ ನೆಂಟರು ನಂಬುವುದಿಲ್ಲ. ಅಲ್ಲಿ ಹುಲಿ ಇದೆ, ಆನೆ ಇದೆ, ಚೆಂಡುಹೂವಿನ ಹೊಲದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿದ್ದಾರೆ, ಫುಟ್‌ಬಾಲ್ ಎಲ್ಲಿಂದ ಬಂತು ಎನ್ನುತ್ತಾರೆ. ಬಂದದ್ದು ಕಾಡಿನ ಆಚೆ ಕಡೆಯಿಂದ. ಕೇರಳದಿಂದ ಬೇಕರಿ ಇಡಲು ಬಂದವರು, ಮರಗೆಲಸಕ್ಕೆ ಬಂದವರು, ಶುಂಠಿ ಬೆಳೆಯಲು ಜಮೀನು ಗುತ್ತಿಗೆ ಹಿಡಿದವರು ಜೊತೆಗೆ ಚೆಂಡನ್ನೂ ತಂದರು. ಅವರಲ್ಲಿ ಬಹಳ ಮಂದಿ ವಾಪಸು ಹೋದರು, ಚೆಂಡು ಇಲ್ಲೇ ಉಳಿಯಿತು. ಹನ್ನೊಂದು ಜನ ಒಟ್ಟಿಗೆ ಸೇರುವುದು ನಮ್ಮೂರಲ್ಲಿ ಆಗದ ಮಾತು, ಹಾಗಾಗಿ ಏಳು ಜನರ ಆಟ. ಸೆವೆನ್ಸ್ ಅಂತಾರೆ ಅದಕ್ಕೆ.

ನಾನು ಆಡಿದವನಲ್ಲ. ನನ್ನ ಹೊಟ್ಟೆ ನೋಡಿದವರು ಆ ಅನುಮಾನ ಪಡುವುದೂ ಇಲ್ಲ. ತೆರಕಣಾಂಬಿ ಮಾರುಕಟ್ಟೆಯಲ್ಲಿ ಬೀನ್ಸು, ಟೊಮೆಟೊ, ಎಲೆಕೋಸು ಹಿಡಿದು, ಪಿಕಪ್ಪಿಗೆ ಹೇರಿ, ಮದ್ದೂರು ಗೇಟು ದಾಟಿ ಕಾಡೊಳಗೆ ಹಾಯ್ದು ವಯನಾಡಿನ ಬತ್ತೇರಿಯ ಮಂಡಿಗೆ ಮುಟ್ಟಿಸುವುದು ನನ್ನ ಕಸುಬು. ಸೋಮವಾರ ನಮ್ಮ ಮನೆಯಲ್ಲಿ ಶಿವನಿಗೆ ಮೀಸಲು, ಅವತ್ತು ಬೆಳಗಿನ ಪೂಜೆ ಆಗದೆ ಗಾಡಿ ಹೊರಡುವ ಹಾಗಿಲ್ಲ. ಭಾನುವಾರ ಮಾತ್ರ ನನ್ನದು. ಆ ಒಂದು ದಿನವನ್ನು ಹೆಂಡತಿಗೂ ಕೊಡದೆ, ದೇವರಿಗೂ ಕೊಡದೆ, ಸೋಲುವುದನ್ನೇ ಕಸುಬು ಮಾಡಿಕೊಂಡಿದ್ದ ಒಂದು ಟೀಮಿಗೆ ಕೊಟ್ಟುಬಿಟ್ಟೆ. "ಆ ಮೈದಾನದಲ್ಲೇ ಚಾಪೆ ಆಸ್ಕೊಂಡು ಮನೀಕೊ ಓಗಿ" ಎಂದು ಹೆಂಡತಿ ಎಷ್ಟೋ ಸಲ ಅಂದಿದ್ದಾಳೆ. ಅವಳದ್ದೇನೂ ತಪ್ಪಿಲ್ಲ.

ಮೈದಾನದ ಎದುರಿಗೆ ಕಾಕನ ಟೀ ಅಂಗಡಿ. ಮಲಪ್ಪುರದ ಕಡೆಯ ಮನುಷ್ಯ, ಇಲ್ಲಿಗೆ ಬಂದು ತಲೆ ನೆರೆಯಿತು. ಯಾವ ಟೀಮಿನ ಪರವೂ ಇಲ್ಲ, ಗೆದ್ದವರಿಗೂ ಸೋತವರಿಗೂ ಅದೇ ಟೀ, ಬಾಳೆಹಣ್ಣು ಕರಿದ ಅದೇ ಪಳಂಪುರಿ. ನಮ್ಮ ಟೀಮಿನ ಅಭಿಮಾನಿಗಳೆಲ್ಲ ಸೇರುತ್ತಿದ್ದದ್ದು ಅಲ್ಲಿ. ಅಭಿಮಾನಿಗಳು ಎಂದರೆ ದೊಡ್ಡ ದಂಡು ಅಂದುಕೊಳ್ಳಬೇಡಿ. ಎರಡು ಬೆಂಚು ತುಂಬಿದರೆ ಹೆಚ್ಚು. ಟ್ರ್ಯಾಕ್ಟರ್ ಗ್ಯಾರೇಜು ಇಟ್ಟಿದ್ದವನೊಬ್ಬ, ಕರೆಂಟು ಕಂಬ ಹತ್ತಿ ಹತ್ತಿ ಈಗ ರಿಟೈರಾಗಿದ್ದ ಲೈನ್‌ಮನ್ ಒಬ್ಬರು, ನಾನು, ಮೊಬೈಲಿನಲ್ಲಿ ಪರದೇಶದ ಆಟ ನೋಡುವ ನಾಲ್ಕಾರು ಕಾಲೇಜು ಹುಡುಗರು. ಆಟ ಮುಗಿಸಿದ ಆಟಗಾರರೂ ಅಲ್ಲೇ ಬಂದು ಕೂರುತ್ತಿದ್ದರು. ಇವರೆಲ್ಲರ ನಡುವೆ, ಮೂಲೆಯ ಕುರ್ಚಿಯಲ್ಲಿ, ಹೆಗಲ ಮೇಲೆ ಅರಿಶಿನ ಬಣ್ಣ ಕೂತುಬಿಟ್ಟಿದ್ದ ಒಂದು ಟವೆಲ್ಲು ಹಾಕಿಕೊಂಡು ಕೂರುತ್ತಿದ್ದವರು ನಮ್ಮ ಮ್ಯಾನೇಜರು.

ಜನರಲ್ ಮ್ಯಾನೇಜರ್ ಎಂದು ಅವರಿಗೆ ಬಿರುದು ಕೊಟ್ಟದ್ದು ಆ ಕಾಲೇಜು ಹುಡುಗರು, ಅರ್ಧ ಗೌರವಕ್ಕೆ, ಅರ್ಧ ಗೇಲಿಗೆ. ಅದಕ್ಕೆ ಮುಂಚೆ ಎಲ್ಲರಿಗೂ ಬರೀ ಸಾಹೇಬರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ನಮ್ಮಂಥದ್ದೇ ಕನ್ನಡ. ಬೆಳಿಗ್ಗೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ, ಸಂಜೆಯವರೆಗೆ ಅರಿಶಿನದ ದಲ್ಲಾಳಿ ಕೆಲಸ ಮಾಡಿ ಬರುವವರು. ಹರೆಯದಲ್ಲಿ ಗೋಲು ಕಾಯುತ್ತಿದ್ದರಂತೆ. ಟೀಮಿಗೆ ಜರ್ಸಿ ಹೊಲಿಸುವುದು, ಗಾಡಿ ಗೊತ್ತು ಮಾಡುವುದು, ಯಾರು ಆಡಬೇಕು ಯಾರು ಕೂರಬೇಕು ಎಂದು ಹೇಳುವುದು, ಎಲ್ಲ ಅವರದ್ದೇ. ಸೋತಾಗ ಬೈಸಿಕೊಳ್ಳುವುದೂ ಅವರದ್ದೇ. ಆ ಕೊನೆಯ ಕೆಲಸ ಅವರಿಗೆ ವರ್ಷವಿಡೀ ಇರುತ್ತಿತ್ತು.

ಅವರ ದಲ್ಲಾಳಿತನ ನೋಡಲು ನಾನು ಒಮ್ಮೆ ಬೇಕೆಂದೇ ಹೋಗಿದ್ದೆ. ಈಗ ಮಾರುಕಟ್ಟೆಯಲ್ಲಿ ಎಲ್ಲ ಕಂಪ್ಯೂಟರಿನಲ್ಲೇ ಟೆಂಡರು. ಆದರೂ ಹಳಬರು ಅಂಗಡಿ ಜಗಲಿಯ ಮೇಲೆ ಟವೆಲ್ಲಿನ ಕೆಳಗೆ ಕೈ ಕೊಡುವುದನ್ನು ಬಿಟ್ಟಿಲ್ಲ. ಕೊಳ್ಳುವವನೂ ಮಾರುವವನೂ ಕೈ ಹಿಡಿದು ಮೇಲೊಂದು ಟವೆಲ್ಲು ಮುಚ್ಚುತ್ತಾರೆ. ಯಾವ ಬೆರಳು ಹಿಡಿದರೆ ಯಾವ ದರ ಎಂದು ಅವರವರಿಗೆ ಗೊತ್ತು. ಬಾಯಿ ಮಾತ್ರ ಮಳೆಯ ಸುದ್ದಿ, ಮದುವೆಯ ಸುದ್ದಿ ಆಡುತ್ತಿರುತ್ತದೆ. ಕುದುರಿದರೆ ಮುಷ್ಟಿಯಿಡೀ ಹಿಡಿದು ಒಮ್ಮೆ ಒತ್ತುತ್ತಾರೆ. ಕುದುರದಿದ್ದರೆ ಟವೆಲ್ಲು ಕೊಡವಿ ಎದ್ದು ಹೋಗುತ್ತಾರೆ, ಒಳಗೆ ಏನು ಕೇಳಿದೆ, ಅವನು ಏನೆಂದು ಬೇಡವೆಂದ ಎಂದು ಸ್ವಂತ ಅಣ್ಣತಮ್ಮನಿಗೂ ಹೇಳುವುದಿಲ್ಲ. ನಮ್ಮ ಮ್ಯಾನೇಜರು ಆ ಆಟದಲ್ಲಿ ಪಳಗಿದ ಕೈ. ಮೊಂಡು ಬಿದ್ದ ವ್ಯಾಪಾರಿಗಳೆಲ್ಲ ಅವರ ಟವೆಲ್ಲಿನ ಕೆಳಗೆ ಬಗ್ಗುವುದನ್ನು ನಾನೇ ಕಂಡೆ.

ಇಂಥವರು ಫುಟ್‌ಬಾಲಿಗೆ ಬಂದರೆ ಮಾತ್ರ ಕೈ ಕಟ್ಟಿ ಕೂರುತ್ತಿದ್ದರು. ನಮ್ಮ ಜಗಳವೆಲ್ಲ ಇದೊಂದರ ಮೇಲೆಯೇ.

ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಚಾಮರಾಜನಗರದಲ್ಲಿ ಸೆವೆನ್ಸ್ ಟೂರ್ನಮೆಂಟು. ಒಂದು ಟೀಮು ಹೊರಗಿನಿಂದ ಇಬ್ಬರು ಆಟಗಾರರನ್ನು ತಂದುಕೊಳ್ಳಬಹುದು ಎಂದು ನಿಯಮ. ಗೆಸ್ಟು ಎನ್ನುತ್ತಾರೆ. ಉಳಿದ ಟೀಮುಗಳೆಲ್ಲ ವಯನಾಡಿನಿಂದ ತರುತ್ತಿದ್ದವು. ಬದಲಿಗೆ ತಮ್ಮವನೊಬ್ಬನನ್ನು ಅಲ್ಲಿನ ಟೂರ್ನಮೆಂಟಿಗೆ ಕಳಿಸುವುದೂ ಉಂಟು, ಒಂದು ಥರ ಕೊಟ್ಟು ತರುವ ಸಂಬಂಧ. ನಮಗಿಂತ ಹತ್ತಿರ ಯಾರಿಗಿದೆ ವಯನಾಡು? ನಮ್ಮ ಟೀಮು ಮಾತ್ರ ವರ್ಷ ವರ್ಷವೂ ಅದೇ ಏಳು ಜನರನ್ನು ಹತ್ತಿಸಿಕೊಂಡು ಹೋಗಿ, ಅದೇ ಏಳು ಜನರನ್ನು ಸೋಲಿಸಿಕೊಂಡು ಬರುತ್ತಿತ್ತು.

"ಅಲ್ಲ ಕಣ್ಲಾ, ಅರಿಸ್ನ ಯಾಪಾರ ಮಾಡಕ್ ಬತ್ತದೆ, ಆಟಗಾರ್ರ ಯಾಪಾರ ಮಾಡಕ್ ಬರಲ್ವಾ ಈವಯ್ಯಂಗೆ?" ಎಂದು ಗ್ಯಾರೇಜಿನವನು ಶುರು ಮಾಡುತ್ತಿದ್ದ. ಮ್ಯಾನೇಜರು ಅಲ್ಲೇ ಕೂತಿದ್ದರೂ ಅವನಿಗೆ ಸಂಕೋಚವಿಲ್ಲ. ಕೂತಿದ್ದಾರೆಂದೇ ಜೋರು ಹೆಚ್ಚು.

"ಬರೋರು ನಿನ್ ಗ್ಯಾರೇಜಿಗ್ ಬಂದಂಗ್ ಬತ್ತಾರಾ? ನಮ್ಮೂರ ಐಕ್ಳು ಆಡ್ಲಿ ಬುಡು. ಸೋತ್ರೂ ನಮ್ಮವೇ" ಎಂದು ಲೈನ್‌ಮನ್ನು ಮ್ಯಾನೇಜರ ಕಡೆ ವಹಿಸುತ್ತಿದ್ದರು.

"ಟ್ರಾನ್ಸ್‌ಫರ್ ಮಾಡ್ದೆ ಯಾವ್ ಕ್ಲಬ್ಬೂ ಉದ್ಧಾರ ಆಗಿಲ್ಲ ಅಂಕಲ್" ಎಂದು ಕಾಲೇಜು ಹುಡುಗ.

"ಟ್ರಾನ್ಸ್‌ಫರ್ ಅಂದ್ರೆ ಏನು ಅಂತ ನಂಗ್ ಯೋಳ್ಬ್ಯಾಡ ಕಣ್ಲಾ. ನಂಗೂ ಬೇಕಾದಷ್ಟು ಸಲ ಆಯ್ತು. ಓದ್ ಕಡೇಲೆಲ್ಲಾ ಅದೇ ಕಂಬ, ಅದೇ ತಂತಿ" ಎಂದು ಲೈನ್‌ಮನ್ನು.

ನಾನು ಗ್ಯಾರೇಜಿನವನ ಪಾರ್ಟಿ. ಮ್ಯಾನೇಜರ ಮೇಲೆ ನನಗೆ ಸಿಟ್ಟಿತ್ತು, ಒಳ್ಳೆಯ ಸಿಟ್ಟು. ವಾರಕ್ಕೆ ಹಲವು ಸಲ ಗಡಿ ದಾಟುವ ನಾನು ಅಲ್ಲಿನ ಗದ್ದೆಗಳಲ್ಲಿ ಆಡುವ ಹುಡುಗರನ್ನು ಗಾಡಿ ನಿಲ್ಲಿಸಿ ನೋಡುತ್ತಿದ್ದೆ. ಅಂಥ ಒಬ್ಬ ಮುಂದಾಳು, ಗೋಲು ಹೊಡೆಯುವವನು ಒಬ್ಬ, ನಮಗೆ ಸಿಕ್ಕರೆ ಸಾಕಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ನಮಗಿದ್ದ ಮುಂದಾಳು ವೆಲ್ಡಿಂಗ್ ಅಂಗಡಿಯವನು. ನಲವತ್ತು ಹತ್ತಿರ ಬಂದಿತ್ತು, ಬಲ ಮಂಡಿ ಕೆಟ್ಟಿತ್ತು. ಗೇಟು, ಗ್ರಿಲ್ಲು ಬೆಸೆಯಲು ದಿನವಿಡೀ ಕುಕ್ಕರಗಾಲಲ್ಲಿ ಕೂತು, ಭಾನುವಾರ ಅದೇ ಮಂಡಿಗೆ ಬಟ್ಟೆ ಸುತ್ತಿಕೊಂಡು ಓಡುತ್ತಿದ್ದ. ಅವನ ಜಾಗಕ್ಕೆ ಇನ್ನೊಬ್ಬನನ್ನು ತನ್ನಿ ಎಂದು ಮ್ಯಾನೇಜರಿಗೆ ಎಷ್ಟು ಗೋಗರೆದರೂ ಅವರ ಉತ್ತರ ಒಂದೇ.

"ಇರೋರೇ ಸಾಕು ಬುಡಿ ಸ್ವಾಮಿ."

ಅಷ್ಟೇ. ಕಾರಣ ಇಲ್ಲ, ವಿವರಣೆ ಇಲ್ಲ. ಟೀ ಹೀರುವುದು, ಟವೆಲ್ಲಿನಲ್ಲಿ ಬಾಯಿ ಒರೆಸುವುದು, ಎದ್ದು ನಮಾಜಿಗೋ ಮನೆಗೋ ಹೋಗುವುದು.

ಇದು ಹೀಗೇ ನಡೆದುಕೊಂಡು ಹೋಗಿದ್ದರೆ ನಾವು ಸಾಯುವವರೆಗೂ ಬೈದುಕೊಂಡು ಸುಖವಾಗಿ ಇರುತ್ತಿದ್ದೆವೋ ಏನೋ. ಆದರೆ ಕ್ರಿಕೆಟ್ಟಿನವರಿಗೆ ಬಹಳ ದಿನದಿಂದ ಮೈದಾನದ ಮೇಲೆ ಕಣ್ಣು. ನಟ್ಟನಡುವೆ ಸಿಮೆಂಟಿನ ಪಿಚ್ಚು ಹಾಕಬೇಕು ಎಂದು ಅವರ ಹಟ. ಸಿಮೆಂಟು ಬಿದ್ದರೆ ಅದರ ಮೇಲೆ ಫುಟ್‌ಬಾಲ್ ಆಡಿ ಮೂಳೆ ಮುರಿದುಕೊಳ್ಳಬೇಕು ಅಷ್ಟೆ. ಊರಿನ ಹಿರಿಯರು ಎರಡು ಕಡೆಯವರನ್ನೂ ಕೂರಿಸಿ ಒಂದು ತೀರ್ಮಾನ ಹೇಳಿದರು. ಚಾಮರಾಜನಗರದ ಟೂರ್ನಮೆಂಟಿಗೆ ಗುಂಡ್ಲುಪೇಟೆಯ ಟೀಮನ್ನು ಕರೆಯುವವರೆಗೆ ಮೈದಾನ ಹೀಗೇ ಇರಲಿ, ಕರೆಯುವುದು ನಿಂತರೆ ಪಿಚ್ಚು ಹಾಕಿಕೊಳ್ಳಿ ಎಂದು. ಕಟ್ಟಕಡೆಯಲ್ಲಿ ಬಂದ ಟೀಮನ್ನು ಮಾರನೇ ವರ್ಷ ಕರೆಯುವುದಿಲ್ಲ ಎಂಬುದು ಅಲ್ಲಿಯ ನಿಯಮ. ಹಿಂದಿನ ಸಲ ನಾವು ಕೊನೆಯಿಂದ ಎರಡನೆಯವರಾಗಿ ಉಳಿದುಕೊಂಡದ್ದು ಆಟದಿಂದಲ್ಲ, ಬೇರೆ ಊರಿನ ಟೀಮಿನ ವ್ಯಾನು ದಾರಿಯಲ್ಲಿ ಕೆಟ್ಟು ನಿಂತದ್ದರಿಂದ. ದೇವರು ಪ್ರತಿ ವರ್ಷ ವ್ಯಾನು ಕೆಡಿಸುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಆ ವರ್ಷ ಯುಗಾದಿಗೆ ಇನ್ನೂ ಸಮಯವಿರುವಾಗಲೇ ನಾವು ಮ್ಯಾನೇಜರ ಮೇಲೆ ಬಿದ್ದೆವು. ಗ್ಯಾರೇಜಿನವನು ಬೆಂಚಿನಿಂದ ಎದ್ದು ಅವರ ಕುರ್ಚಿಯ ಮುಂದೆ ನಿಂತ.

"ಈ ಸಲ ಕಡೇಲಿ ಬಂದ್ರೆ ಸಿಮೆಂಟ್ ಸುರೀತಾರೆ ಸಾಬ್ರೆ. ಗೊತ್ತಲ್ವಾ ನಿಮ್ಗೆ?"

"ಗೊತ್ತು."

"ಒಬ್ಬ, ಒಬ್ಬೇ ಒಬ್ಬ ಫಾರ್ವರ್ಡ್ ತನ್ನಿ. ನಮ್ ಗೋಲಿ ಬೇಕಾದ್ರೆ ಕೊಟ್ಬುಡಿ ಅವ್ರಿಗೆ. ನಾನೇ ಗೋಲಲ್ಲಿ ನಿಂತ್ಕೊತೀನಿ."

ಎಲ್ಲರೂ ನಕ್ಕರು. ಗೋಲು ಕಾಯುವ ಹುಡುಗ ಅಲ್ಲೇ ಕೂತಿದ್ದ, ಅವನೂ ನಕ್ಕ. ವೆಲ್ಡಿಂಗಿನವನು ಮಾತ್ರ ನಗಲಿಲ್ಲ. ಮಂಡಿ ನೀವಿಕೊಳ್ಳುತ್ತಾ, "ನನ್ ಬದ್ಲು ಯಾರಾರ ಬಂದ್ರೆ ನಂಗೇನ್ ಬ್ಯಾಸ್ರ ಇಲ್ಲ ಸಾ. ಮೈದಾನ ಉಳೀಲಿ" ಎಂದ. ಮ್ಯಾನೇಜರು ಅವನ ಮುಖವನ್ನು ನೋಡಿದರು. ಆ ನೋಟ ನನಗೆ ಈಗಲೂ ನೆನಪಿದೆ. ಆಗ ನನಗೆ ಅದು ಬರೀ ಮೊಂಡುತನದಂತೆ ಕಂಡಿತು.

"ಇಲ್ಲಪ್ಪ. ಇರೋರೇ ಸಾಕು ಬುಡಿ" ಎಂದರು.

ಗ್ಯಾರೇಜಿನವನು ಹಲ್ಲು ಕಡಿದ. ಅವರು ಎದ್ದು ಹೋದ ಮೇಲೆ ನನ್ನ ಹೆಗಲು ಹಿಡಿದು ಅಲ್ಲಾಡಿಸಿದ. "ನೀನ್ ಓಯ್ತೀಯಲ್ಲ ಬತ್ತೇರಿಗೆ. ಮಲೆಯಾಳನೂ ಬತ್ತದೆ. ನಾವೇ ಓಗಿ ಕರ್ಕೊಂಡ್ ಬರನ ಕಣ್ಲಾ. ಎದುರ್ಗೆ ತಂದ್ ನಿಲ್ಲಿಸ್ಬುಟ್ರೆ ಆವಯ್ಯ ಏನ್ ಮಾಡ್ತಾನೆ?"

ಈ ಯೋಚನೆ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಅವತ್ತು ಮನೆಗೆ ಹೋಗುವಾಗ ನನ್ನ ನಡಿಗೆಯೇ ಬೇರೆ ಇತ್ತು. ವರ್ಷಗಟ್ಟಲೆ ಬೈಯುತ್ತಾ ಕೂತವರು ಕಡೆಗೂ ಕೈ ಹಾಕುತ್ತಿದ್ದೇವೆ ಎಂದು ಖುಷಿ.

ಮಂಗಳವಾರ ಬೀನ್ಸಿನ ಲೋಡು. ಗ್ಯಾರೇಜಿನವನು ಅಂಗಡಿಗೆ ಬಾಗಿಲು ಹಾಕಿ ನನ್ನ ಪಕ್ಕ ಬಂದು ಕೂತ. ಮದುವೆಗೆ ಹೊರಟವನಂತೆ ಇಸ್ತ್ರಿ ಅಂಗಿ. ಮದ್ದೂರಿನಿಂದ ಮುಂದೆ ಕಾಡು ಒಣಗಿ ನಿಂತಿತ್ತು, ರಸ್ತೆಯ ಬದಿಗೆ ಕಾಳ್ಗಿಚ್ಚು ಹಬ್ಬದಿರಲೆಂದು ಹುಲ್ಲು ಸುಟ್ಟು ಎಳೆದಿದ್ದ ಕರಿ ಪಟ್ಟೆ. ದಾರಿಯುದ್ದಕ್ಕೂ ಅವನು ಬಾಯಿ ಮುಚ್ಚಲಿಲ್ಲ. ಎಂಥವನನ್ನು ಆರಿಸಬೇಕು, ಎಡಗಾಲಿನವನೋ ಬಲಗಾಲಿನವನೋ, ಅವನಿಗೆ ಉಳಿಯಲು ಯಾರ ಮನೆ, ಊಟ ಎಲ್ಲಿ. "ಮನೇಲ್ ಮೀನ್ ಮಾಡುಸ್ತೀನಿ ಕಣ್ಲಾ ಅವ್ನಿಗೆ" ಎಂದ. ಅವನ ಮನೆಯಲ್ಲಿ ಮೀನು ಒಲೆ ಹತ್ತಿದ್ದನ್ನು ನಾನು ಕಂಡವನಲ್ಲ.

ಬೀನ್ಸು ಇಳಿಸಿದ ಮೇಲೆ ಮಂಡಿಯವನೇ ನಮ್ಮನ್ನು ಕರೆದುಕೊಂಡು ಹೋದ. ಅಲ್ಲಿಯ ಟೀಮು ನಡೆಸುವವರದ್ದು ಪೇಟೆಯ ಒಳಗೆ ಹಾರ್ಡ್‌ವೇರ್ ಅಂಗಡಿ. ವಯಸ್ಸಿನಲ್ಲಿ ಮೈಸೂರಿನಲ್ಲಿ ಬೇಕರಿ ಇಟ್ಟಿದ್ದವರು, ಕನ್ನಡ ನಮಗಿಂತ ಶುದ್ಧವಾಗಿ ಆಡುತ್ತಿದ್ದರು. ಕುರ್ಚಿ ಹಾಕಿಸಿ, ಹಾಲಿಲ್ಲದ ಸುಲೈಮಾನಿ ಟೀ ತರಿಸಿ ಕೊಟ್ಟರು. ನಾವು ಯಾವ ಊರು ಎಂದು ಕೇಳಿದರು. ಗುಂಡ್ಲುಪೇಟೆ ಎಂದೆ, ಟೂರ್ನಮೆಂಟಿಗೆ ಒಬ್ಬ ಗೆಸ್ಟು ಬೇಕಿತ್ತು ಎಂದೆ.

ಅವರು ಲೋಟ ಕೆಳಗಿಟ್ಟು ನಮ್ಮಿಬ್ಬರ ಮುಖವನ್ನೂ ನೋಡಿದರು.

"ನಿಮ್ಮ ಮ್ಯಾನೇಜರ್ ಬಂದು ಹೋದರಲ್ಲ" ಎಂದರು.

ಗ್ಯಾರೇಜಿನವನಿಗೆ ಅರ್ಥವಾಗಲಿಲ್ಲ. "ಯಾವ ಮ್ಯಾನೇಜರು?" ಎಂದ.

"ಅರಿಶಿನದ ಸಾಹೇಬರು. ಹೋದ ತಿಂಗಳು ಬಂದಿದ್ದರು. ಪ್ರತಿ ವರ್ಷ ಬರ್ತಾರೆ. ಬರುವಾಗ ನಮ್ಮ ಮನೆಗೆ ಅಂತ ಅರಿಶಿನ ತರ್ತಾರೆ. ನೀವು ಕೂತಿದೀರಲ್ಲ, ಆ ಕುರ್ಚಿಯಲ್ಲೇ ಕೂರ್ತಾರೆ. ನಾನು ಮೊದಲ ವರ್ಷ ಏನು ಹೇಳಿದೆನೋ ಪ್ರತಿ ವರ್ಷ ಅದನ್ನೇ ಹೇಳ್ತಿದ್ದೇನೆ. ಆದರೂ ಬರ್ತಾರೆ."

ಏನು ಹೇಳಿದಿರಿ ಎಂದು ನಾನು ಕೇಳಬೇಕಾಯಿತು. ಕೇಳಲು ಇಷ್ಟವಿರಲಿಲ್ಲ.

ಅವರು ಒಳ್ಳೆಯ ಮನುಷ್ಯ. ನೋವಾಗದ ಹಾಗೆ ಹೇಳಲು ನೋಡಿದರು. ಇದು ದುಡ್ಡಿನ ಮಾತಲ್ಲ ಎಂದರು. "ನಮ್ಮ ಹುಡುಗರು ಒಪ್ಪುವುದಿಲ್ಲ. ಸೋಲುವ ಟೀಮಿನಲ್ಲಿ ಆಡಿದ ಅಂತ ಹೆಸರು ಬಂದರೆ ಆಮೇಲೆ ಅವನನ್ನು ದೊಡ್ಡ ಟೀಮಿನವರು ಕರೆಯುವುದಿಲ್ಲ. ಸಾಹೇಬರು ಕೊನೆಗೆ, ಆಡುವುದು ಬಿಟ್ಟವರು ಯಾರಾದರೂ ಇದ್ದರೂ ಕೊಡಿ ಅಂತ ಕೇಳಿದರು. ನಾನು ಅಂಥವರನ್ನೂ ಕೇಳಿದೆ. ಅವರೂ ಬೇಡ ಅಂದರು. ಬದಲಿಗೆ ನಿಮ್ಮವರಲ್ಲಿ ಯಾರನ್ನಾದರೂ ಇಲ್ಲಿಗೆ ತೆಗೆದುಕೊಳ್ಳೋಣ ಅಂದರೆ..." ಎಂದು ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಸುಲೈಮಾನಿ ತರಿಸಲೇ ಎಂದು ಕೇಳಿದರು.

ಕಲ್ಪೆಟ್ಟದ ಕಡೆ, ಮಾನಂದವಾಡಿಯ ಕಡೆ ಬೇರೆ ಟೀಮುಗಳಿಲ್ಲವೇ ಎಂದೆ. ಅಲ್ಲಿಗೂ ಸಾಹೇಬರು ಹೋಗಿ ಬಂದಿದ್ದಾರೆ ಎಂದರು. ಗೂಡಲೂರಿಗೂ.

ವಾಪಸು ಬರುವಾಗ, ಕಾಡು ಅರ್ಧ ದಾಟಿದ ಮೇಲೆ, ಒಂದು ಒಂಟಿ ಸಲಗ ರಸ್ತೆಗೆ ಬೆನ್ನು ಕೊಟ್ಟು ನಿಂತಿತ್ತು. ಗಾಡಿ ನಿಲ್ಲಿಸಿ ಕಾದೆವು. ಬೇರೆ ದಿನವಾಗಿದ್ದರೆ ಗ್ಯಾರೇಜಿನವನು ಮೊಬೈಲು ತೆಗೆಯುತ್ತಿದ್ದ. ಅವತ್ತು ಅವನು ಆನೆಯನ್ನು ನೋಡುತ್ತಲೇ ಇರಲಿಲ್ಲ. ಇಸ್ತ್ರಿ ಅಂಗಿ ಬೆವರಿ ಮೈಗೆ ಅಂಟಿತ್ತು.

"ಈಗ ಯಾರ್ನ ಬೈಯನ್ಲಾ?" ಎಂದ.

ಅಷ್ಟು ವರ್ಷ ನಾವು ಸೋತದ್ದಕ್ಕೆಲ್ಲ ಒಂದು ಕಾರಣವಿತ್ತು, ಆ ಕಾರಣ ಮೂಲೆಯ ಕುರ್ಚಿಯಲ್ಲಿ ಟೀ ಕುಡಿಯುತ್ತಾ ಕೂತಿರುತ್ತಿತ್ತು. ಆ ಮನುಷ್ಯ ಒಂದು ದಿನ ಮನಸ್ಸು ಮಾಡಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬ ಆಸೆಯನ್ನು ನಾನು ಬೈಗುಳದ ಜೊತೆ ಸಾಕಿಕೊಂಡಿದ್ದೆ. ಈಗ ಗೊತ್ತಾಯಿತು, ಅವರು ಪ್ರತಿ ವರ್ಷ ಮನಸ್ಸು ಮಾಡಿದ್ದರು. ನಾವು ಯಾರಿಗೂ ಬೇಡದವರಾಗಿದ್ದೆವು, ಅಷ್ಟೇ ವಿಷಯ. ಇಷ್ಟು ಸಣ್ಣ ಊರಿನ, ಇಷ್ಟು ಸಣ್ಣ ಟೀಮಿಗೆ ಇಷ್ಟು ದುಃಖ ಪಡುವುದು ನನಗೇ ನಾಚಿಕೆಯಾಯಿತು, ಆದರೆ ದುಃಖವಂತೂ ಆಯಿತು. ಆನೆ ಒಳಗೆ ಸರಿದ ಮೇಲೂ ಗಾಡಿ ಬಿಡುವುದು ನನಗೆ ಮರೆತಿತ್ತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ.

ಮಾರನೆಯ ದಿನ ನಾನು ಚಾಮರಾಜನಗರಕ್ಕೆ ಹೋದೆ. ಮ್ಯಾನೇಜರು ಮಾರುಕಟ್ಟೆಯ ಅಂಗಡಿ ಜಗಲಿಯಲ್ಲಿ ಒಬ್ಬರೇ ಕೂತು ಒಂದು ಅರಿಶಿನದ ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡುತ್ತಿದ್ದರು. ನನ್ನನ್ನು ಕಂಡು ಜಾಗ ಮಾಡಿಕೊಟ್ಟರು. ಗ್ಯಾರೇಜಿನವನ ಜೊತೆ ಬತ್ತೇರಿಗೆ ಹೋಗಿದ್ದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತಿದ್ದೆ ಎಂದೆ. ಮುರಿದ ಕೊಂಬನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡರು.

"ಯಾಕೆ ಹೇಳ್ಲಿಲ್ಲ?" ಎಂದು ನಾನು ರೇಗಿದೆ. ರೇಗುವುದಕ್ಕೆ ಹೋದವನಲ್ಲ, ಕ್ಷಮೆ ಕೇಳಲು ಹೋದವನು. ಬಾಯಿಗೆ ಬಂದದ್ದು ಮಾತ್ರ ಅದು. "ಬಾಯಿಗೆ ಬಂದಂಗೆ ಬೈಸ್ಕೊಂಡು ಕೂತಿದ್ರಲ್ಲ, ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ಏನ್ ಹೇಳಲಿ ಸ್ವಾಮಿ?" ಎಂದರು. ಎದುರಿನ ಮೂಟೆಗಳ ಕಡೆ ಕೈ ತೋರಿಸಿದರು. "ಆ ಮಾಲು ನಾಕು ಜನ ನೋಡಿ ಬ್ಯಾಡ ಅಂದ್ರು ಅಂತ ನಾನೇ ಕೂಗಿ ಹೇಳಿದ್ರೆ, ಐದನೇಯೋನು ಮುಟ್ತಾನಾ? ರೈತನಿಗೂ ಹೇಳಲ್ಲ ನಾನು. ಹೇಳಿದ್ರೆ ಅವನು ಮಾರನೇ ವರ್ಷ ಅರಿಶಿನ ಹಾಕೋದೇ ಬಿಟ್ಬಿಡ್ತಾನೆ."

ಕೊಂಬಿನ ತುಂಡುಗಳನ್ನು ಪಕ್ಕಕ್ಕಿಟ್ಟು ಮತ್ತೆ ಹೇಳಿದರು. "ನಮ್ ಹುಡುಗ್ರು ಪ್ರತಿ ಭಾನುವಾರ ಯಾಕ್ ಬರ್ತಾರೆ? ಮ್ಯಾನೇಜರ್ ಸರಿ ಇಲ್ಲ, ನಾವ್ ಸರಿ ಇದೀವಿ ಅಂತ ಬರ್ತಾರೆ. ಆ ವೆಲ್ಡಿಂಗಿನವನ ಎದುರಿಗೆ ನಿಂತು, ನಿನ್ ಜೊತೆ ಆಡಕ್ಕೆ ಯಾರೂ ಬರಲ್ವಂತೆ ಕಣಪ್ಪ ಅಂತ ನಾನ್ ಹೇಳ್ಲಾ?"

ಈ ಸಲವಾದರೂ ಏನಾದರೂ ದಾರಿ ಇದೆಯಾ ಎಂದು ಕೇಳಿದೆ. ಇಲ್ಲ ಎಂದರು. ಎಲ್ಲ ಕಡೆ ಮುಗಿಯಿತು, ಇನ್ನು ಕೇಳಲು ಊರೇ ಉಳಿದಿಲ್ಲ ಎಂದರು. ಅವರ ದನಿಯಲ್ಲಿ ಬೇಸರವೂ ಇರಲಿಲ್ಲ. ಮಾಲು ಹೋಗದ ದಿನ ಅಂಗಡಿಯ ಬಾಗಿಲು ಹಾಕುವವರ ದನಿ ಅದು.

ಏಳುವಾಗ ನನ್ನ ಕೈ ಹಿಡಿದರು. ಹೆಗಲಿನ ಟವೆಲ್ಲು ಎಳೆದು ಎರಡೂ ಕೈಗಳ ಮೇಲೆ ಹಾಕಿದರು. ಬೆರಳು ಯಾವುದನ್ನೂ ಹಿಡಿಯಲಿಲ್ಲ, ಮುಷ್ಟಿಯಿಡೀ ಹಿಡಿದು ಒಮ್ಮೆ ಒತ್ತಿದರು. ವ್ಯಾಪಾರ ಕುದುರಿತು ಎಂದು ಅರ್ಥ. ಒಳಗಿನ ಮಾತು ಹೊರಗೆ ಹೋಗುವುದಿಲ್ಲ ಎಂದು ಅರ್ಥ.

"ಬಯ್ಯೋದು ಮಾತ್ರ ನಿಲ್ಲಿಸ್ಬ್ಯಾಡಿ. ನೀವಿಬ್ರೂ ನಿಲ್ಲಿಸಿದ್ರೆ ಅವ್ರಿಗೆ ಗೊತ್ತಾಗೋಗ್ತದೆ" ಎಂದರು.

ಬಸ್ಸಿನಲ್ಲಿ ಬರುವಾಗ ನನ್ನ ಅಂಗೈಗೆ ಅರಿಶಿನ ಹತ್ತಿತ್ತು. ತೆರಕಣಾಂಬಿ ದಾಟುವವರೆಗೆ ಅದನ್ನು ಪಂಚೆಗೆ ಒರೆಸುತ್ತಾ ಕೂತಿದ್ದೆ. ಬಾಯಿ ಬಿಡುವ ಹಾಗಿಲ್ಲ, ಬೈಯುವುದನ್ನು ಬಿಡುವ ಹಾಗೂ ಇಲ್ಲ ಎಂದು ಗ್ಯಾರೇಜಿನವನಿಗೆ ಹೋಗಿ ಹೇಳಿದೆ. ಅವನು ಎಂಜಿನ್ನಿನಿಂದ ತಲೆ ಎತ್ತದೆ, "ಆಯ್ತು ಬುಡು" ಎಂದ. ಅವನ ಜೊತೆ ಅಷ್ಟು ಕಡಿಮೆ ಮಾತಿನಲ್ಲಿ ಒಪ್ಪಂದವಾದದ್ದು ಅದೊಂದೇ ಸಲ.

ಟೂರ್ನಮೆಂಟಿಗೆ ಹೋದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಮೊದಲ ಆಟಗಳು ಹೋದ ಹಾಗೆ ಹೋದವು, ಅದನ್ನು ಬರೆಯುವ ಮನಸ್ಸಿಲ್ಲ. ಕೊನೆಯ ಆಟ ಗೆದ್ದರೆ ಉಳಿಯುತ್ತಿದ್ದೆವು. ಎದುರಿನವರಿಗೆ ಇಬ್ಬರು ಗೆಸ್ಟುಗಳಿದ್ದರು, ಅದರಲ್ಲೊಬ್ಬ ಬತ್ತೇರಿಯ ಕಡೆಯವನು. ನಾನು ಅವನನ್ನು ಗದ್ದೆಯಲ್ಲಿ ನೋಡಿದ್ದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಎಲ್ಲಿಂದಲೋ ಚೆಂಡು ಪುಟಿದು ಬಂದು ನಮ್ಮ ವೆಲ್ಡಿಂಗಿನವನ ಕಾಲಿಗೆ ಸಿಕ್ಕಿತು. ಕೆಟ್ಟ ಮಂಡಿಯ ಕಾಲಲ್ಲೇ ಹೊಡೆದ. ಗೋಲಾಯಿತು. ಕಾಲೇಜು ಹುಡುಗರು ಕುಣಿದರು, ಲೈನ್‌ಮನ್ನು ಅತ್ತರು. ನಾನು ಮ್ಯಾನೇಜರ ಕಡೆ ನೋಡಿದೆ. ಅವರು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಬತ್ತೇರಿಯ ಕುರ್ಚಿಯಲ್ಲಿ ಕೇಳಿದ್ದೆಲ್ಲ ಆ ಗಳಿಗೆ ನನಗೆ ಸುಳ್ಳು ಅನ್ನಿಸಿತು, ನಾವೂ ಯಾರಿಗಾದರೂ ಬೇಕಾದವರೇ ಅನ್ನಿಸಿತು.

ವಿರಾಮಕ್ಕೆ ಮುಂಚೆಯೇ ಬತ್ತೇರಿಯವನು ಸಮ ಮಾಡಿದ. ಆಮೇಲೆ ಇನ್ನೊಂದು, ಮತ್ತೊಂದು. ವೆಲ್ಡಿಂಗಿನವನು ಒಮ್ಮೆ ಬಿದ್ದವನು ಏಳಲಿಲ್ಲ, ಇಬ್ಬರು ಎತ್ತಿಕೊಂಡು ಬಂದು ನೆರಳಲ್ಲಿ ಕೂರಿಸಿದರು. ಕಟ್ಟಕಡೆಯವರಾಗಿ ವಾಪಸು ಬಂದೆವು.

ಪಿಚ್ಚಿನ ಕೆಲಸ ಬೇಗ ಆಯಿತು. ಕ್ರಿಕೆಟ್ಟಿನವರು ಕೆಟ್ಟವರೇನಲ್ಲ, ಕೆಲಸ ಶುರು ಮಾಡುವ ಮುಂಚೆ ನಮಗೆ ಬಂದು ಹೇಳಿದರು, ಸಿಹಿಯನ್ನೂ ಕೊಟ್ಟರು. ನಾನು ತಿಂದೆ. ನಟ್ಟನಡುವೆ ಬೂದು ಬಣ್ಣದ ಪಟ್ಟಿಯೊಂದು ಬಿತ್ತು. ನೀರು ಉಣಿಸಲು ಅದರ ಮೇಲೆ ಗೋಣಿಚೀಲ ಹೊದಿಸಿದ್ದರು.

ಅದರ ಮರುವಾರ ಭಾನುವಾರ ಬೆಳಿಗ್ಗೆ ಕಾಲು ನನ್ನನ್ನು ತಾನೇ ಕಾಕನ ಅಂಗಡಿಗೆ ಎಳೆದುಕೊಂಡು ಹೋಯಿತು. ಎಲ್ಲರೂ ಬಂದಿದ್ದರು, ಆಡಲು ಜಾಗವಿಲ್ಲದಿದ್ದರೂ. ಮ್ಯಾನೇಜರು ಮೂಲೆಯ ಕುರ್ಚಿಯಲ್ಲಿದ್ದರು. ವೆಲ್ಡಿಂಗಿನವನು ಕಾಲನ್ನು ಬೆಂಚಿನ ಮೇಲೆ ಚಾಚಿ ಕೂತಿದ್ದ, ಮಂಡಿಗೆ ಕ್ರೇಪ್ ಬ್ಯಾಂಡೇಜು. ಮಾತು ಅವನೇ ತೆಗೆದ.

"ಒಂದ್ ಗೋಲ್ ಒಡದ್ವಲ್ಲ ಸಾ. ಒಬ್ಬನ್ನ ತಂದಿದ್ರೆ ಗೆದ್ ಬುಡ್ತಿದ್ವಲ್ಲ ಸಾ. ಒಬ್ಬೇ ಒಬ್ಬನ್ನ."

ಮ್ಯಾನೇಜರು ಲೋಟ ನೋಡುತ್ತಾ ಕೂತಿದ್ದರು. ಗ್ಯಾರೇಜಿನವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಷ್ಟು ವರ್ಷ ಬೈದ ಅವನ ಬಾಯಿ ಬೇಕಾದ ಹೊತ್ತಿಗೆ ಒಣಗಿತ್ತು. ಹಾಗಾಗಿ ನಾನು ಎದ್ದು ನಿಂತೆ.

"ತರಲ್ಲ ಕಣಪ್ಪ ಇವ್ರು! ಇಡೀ ವಯನಾಡು ಬಾಗ್ಲಲ್ಲಿ ನಿಂತ್ಕೊಂಡು ಬತ್ತೀವಿ ಬತ್ತೀವಿ ಅಂದ್ರೂ ತರಲ್ಲ ಇವ್ರು! ಊರೂರಿಂದ ಕೇಳ್ತಾವ್ರೆ, ನಮ್ ಟೀಮಲ್ಲಿ ಆಡ್ತೀವಿ ಅಂತ. ಇವ್ರ ಮೊಂಡಾಟದಿಂದ ಮೈದಾನ ಓಯ್ತು!"

ಅಂಗಡಿಯಲ್ಲಿ ಎಲ್ಲರ ತಲೆಯೂ ಎದ್ದಿತು. ಕಾಕ ಟೀ ಸೋಸುವುದನ್ನು ನಿಲ್ಲಿಸಿದ. ಇನ್ನೂ ಏನೇನೋ ಅಂದೆ, ಕೆಟ್ಟ ಮಾತುಗಳನ್ನೇ ಅಂದೆ, ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಎಲ್ಲರೂ ಸಿಟ್ಟಿನ ನೀರು ಎಂದುಕೊಂಡಿರಬೇಕು.

ಮ್ಯಾನೇಜರು ನಿಧಾನವಾಗಿ ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡರು. "ಇರೋರೇ ಸಾಕು ಬುಡಿ ಸ್ವಾಮಿ" ಎಂದರು.

ವೆಲ್ಡಿಂಗಿನವನು ಬೆಂಚು ಹಿಡಿದುಕೊಂಡು, ಒಂದು ಕಾಲಲ್ಲಿ ಎದ್ದು ನಿಂತು ನನ್ನ ತೋಳು ಹಿಡಿದ.

"ಬುಡಣ್ಣ, ಸಾಕು. ವಯಸ್ಸಾದೋರು. ಪಾಪ, ನಮ್ ಮ್ಯಾಲಿನ್ ನಂಬ್ಕೆಗೆ ಅಂಗಂತಾರೆ" ಎಂದ.

ನಾನು ಬೈಯುವುದನ್ನು ನಿಲ್ಲಿಸಲಿಲ್ಲ.